‘ಲಯಬದ್ಧವಾಗಿ’: ಈ ಪದವನ್ನು ಎಲ್ಲಿ, ಹೇಗೆ ಬಳಸುವುದು?

ತಾಯಿ ತೊಟ್ಟಿಲು ತೂಗುತ್ತಿದ್ದಾಳೆ. ಪಕ್ಕದವರೊಡನೆ ಮಾತು ನಡೆದೇ ಇದೆ, ಕೈ ಮಾತ್ರ ತನ್ನ ಪಾಡಿಗೆ ಹಗ್ಗ ಎಳೆಯುತ್ತದೆ, ಬಿಡುತ್ತದೆ. ಅಷ್ಟರಲ್ಲಿ ಮೊಬೈಲ್ ರಿಂಗಾಗಿ ಆಕೆ ಎದ್ದು ಹೋದಳು ಎನ್ನಿ. ತೊಟ್ಟಿಲು ಕೂಡಲೇ ನಿಲ್ಲುವುದಿಲ್ಲ. ತೂಗಾಟ ಚಿಕ್ಕದಾಗುತ್ತಾ ಬರುತ್ತದೆ. ಆದರೆ ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ‘ತೊಟ್ಟಿಲು ಲಯಬದ್ಧವಾಗಿ ತೂಗುತ್ತಿತ್ತು’ ಎಂದು ಬರೆಯುವಾಗ ನಾವು ಹೇಳುವುದು ಈ ಹೊತ್ತಿನ ಬಗ್ಗೆ. ತೂಗಾಟದ ಅಗಲದ ಬಗ್ಗೆ ಅಲ್ಲ, ವೇಗದ ಬಗ್ಗೆಯೂ ಅಲ್ಲ.

ಮೊದಲು ಪದವನ್ನು ಬಿಡಿಸಿ ನೋಡಿ. ‘ಲಯ’ ಬಂದದ್ದು ಸಂಸ್ಕೃತದ ‘ಲೀ’ ಧಾತುವಿನಿಂದ. ಅಂಟಿಕೊಳ್ಳುವುದು, ಒಂದರಲ್ಲೊಂದು ಕರಗಿ ಸೇರುವುದು ಎಂಬುದು ಅದರ ಅರ್ಥ. ‘ಸೃಷ್ಟಿ, ಸ್ಥಿತಿ, ಲಯ’ ಎನ್ನುವಾಗಿನ ಲಯವೂ ಇದೇ. ‘ಬದ್ಧ’ ಎಂದರೆ ಕಟ್ಟಿಗೆ ಒಳಪಟ್ಟದ್ದು. ಕೊನೆಯ ‘ಆಗಿ’ ಸೇರಿದಾಗ ಪದ ಕ್ರಿಯಾವಿಶೇಷಣವಾಗಿ, ಕೆಲಸ ಹೇಗೆ ನಡೆಯಿತು ಎಂದು ಹೇಳುತ್ತದೆ. ಸಂಗೀತಗಾರರು ವಿಳಂಬ (ನಿಧಾನ), ಮಧ್ಯ, ದ್ರುತ (ವೇಗ) ಎಂದು ಮೂರು ಲಯಗಳನ್ನು ಹೇಳುವುದನ್ನು ನೆನಪಿಟ್ಟುಕೊಳ್ಳಿ: ನಿಧಾನಕ್ಕೂ ಲಯವಿದೆ.

ಎರಡನೆಯ ಹೆಜ್ಜೆ, ಬೆರಳಿನಿಂದ ಪರೀಕ್ಷಿಸುವುದು. ನೀವು ಬರೆದ ಚಲನೆಯನ್ನು ಮನಸ್ಸಿನಲ್ಲಿ ಕಾಣುತ್ತಾ ಮೇಜಿನ ಮೇಲೆ ಬೆರಳು ತಟ್ಟಿ. ಮುಂದಿನ ತಟ್ಟು ಯಾವಾಗ ಬೀಳಬೇಕೆಂದು ಬೆರಳಿಗೆ ತಾನಾಗಿ ತಿಳಿದರೆ ಪದ ಸರಿಯಾಗಿ ಕೂತಿದೆ. ‘ಗಾಳಿಗೆ ಬಾಗಿಲು ಲಯಬದ್ಧವಾಗಿ ಬಡಿದುಕೊಳ್ಳುತ್ತಿತ್ತು’ ಎಂಬ ವಾಕ್ಯ ಇಲ್ಲಿ ಸೋಲುತ್ತದೆ. ಗಾಳಿ ಬೀಸಿದಾಗ ಬಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬೆರಳು ಸುಮ್ಮನೆ ಕಾಯುತ್ತದೆ. ಅಲ್ಲಿ ‘ಮತ್ತೆ ಮತ್ತೆ’ ಸಾಕು. ಒಮ್ಮೆಗೇ ಮುಗಿಯುವ ಕೆಲಸಕ್ಕಂತೂ ಈ ಪದ ಹೊಂದುವುದಿಲ್ಲ. ಬಿದ್ದನು, ಮುರಿಯಿತು, ಎದ್ದುನಿಂತಳು ಇವುಗಳ ಜೊತೆ ಬೇಡ. ತೂಗು, ಬೀಸು, ಕುಟ್ಟು, ಮಿಡಿ, ಉಸಿರಾಡು, ಹೆಜ್ಜೆಹಾಕು ಇವುಗಳ ಜೊತೆ ಧಾರಾಳವಾಗಿ ಬಳಸಿ.

ಇನ್ನು ನೆರೆಹೊರೆಯ ಪದಗಳು. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಪದೇ ಪದೇ’ ಎಂದರೆ ಬರೀ ಮರುಕಳಿಕೆ. ‘ಒಂದೇ ಸಮನೆ’ ಎಂದರೆ ಬಿಡುವಿಲ್ಲದೆ: ಮಳೆ ಒಂದೇ ಸಮನೆ ಸುರಿಯುತ್ತದೆ. ‘ಕ್ರಮಬದ್ಧವಾಗಿ’ ಎಂಬುದು ಒಂದಾದ ಮೇಲೊಂದು ಬರುವ ವ್ಯವಸ್ಥೆಯ ಮಾತು. ‘ನಿಯಮಿತವಾಗಿ’ ಎಂಬುದರಲ್ಲೂ ಅಂತರವಿದೆ, ಆದರೆ ಅದು ಗಂಟೆಗಳ, ದಿನಗಳ ಅಂತರ. ಮಾತ್ರೆಯನ್ನು ನಿಯಮಿತವಾಗಿ ನುಂಗುತ್ತೇವೆ, ಲಯಬದ್ಧವಾಗಿ ಅಲ್ಲ. ಲಯದ ಅಂತರ ಮೈಗೆ ತಿಳಿಯುವಷ್ಟು ಚಿಕ್ಕದಿರಬೇಕು. ‘ತಾಳಬದ್ಧವಾಗಿ’ ಎನ್ನಬೇಕಾದರೆ ಇನ್ನೊಂದು ಕಟ್ಟು ಬೇಕು: ಎಂಟು ಎಣಿಕೆಯ ಆದಿತಾಳದಂತೆ, ಎಣಿಸಿ ಮುಗಿಸಿ ಮತ್ತೆ ಮೊದಲಿಗೆ ಮರಳುವ ಆವರ್ತ. ಹೃದಯ ಲಯಬದ್ಧವಾಗಿ ಮಿಡಿಯುತ್ತದೆ. ತಾಳಬದ್ಧವಾಗಿ ಮಿಡಿಯುತ್ತದೆ ಎಂದರೆ ಹೆಚ್ಚಾಯಿತು.

ಹೃದಯದ ಮಾತು ಬಂದದ್ದರಿಂದ ನನಗೆ ಬಹಳ ಪ್ರಿಯವಾದ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ‘ಅವಳ ಎದೆ ಲಯಬದ್ಧವಾಗಿ ಮಿಡಿಯುತ್ತಿತ್ತು’ ಎಂದರೆ ನೆಮ್ಮದಿ, ಬಹುಶಃ ನಿದ್ದೆ. ‘ಅವಳ ಎದೆ ಢವಢವ ಎನ್ನುತ್ತಿತ್ತು’ ಎಂದರೆ ಭಯ. ಎರಡರಲ್ಲೂ ಬಡಿತ ಮರುಕಳಿಸುತ್ತದೆ, ಆದರೆ ‘ಢವಢವ’ದಂಥ ಅನುಕರಣಾವ್ಯಯ, ಅಂದರೆ ಸದ್ದನ್ನೋ ಚಲನೆಯನ್ನೋ ಅನುಕರಿಸುವ ಪದ, ಬಡಿತದ ಸದ್ದನ್ನೂ ಬಡಿತದ ಬಿಸಿಯನ್ನೂ ಹೊತ್ತು ತರುತ್ತದೆ. ಗಿರಗಿರನೆ ತಿರುಗುವುದು, ಪಟಪಟನೆ ರೆಕ್ಕೆ ಬಡಿಯುವುದು ಎಲ್ಲವೂ ಹೀಗೆಯೇ. ಪದದ ಎರಡು ಭಾಗಗಳೇ ಚಲನೆಯನ್ನು ಮಾಡಿ ತೋರಿಸುತ್ತವೆ. ಆದ್ದರಿಂದ ‘ಲಯಬದ್ಧವಾಗಿ’ ಎಂದು ಬರೆಯುವ ಮುನ್ನ, ಆ ಕ್ರಿಯೆಗೆ ಕನ್ನಡ ಆಗಲೇ ಕೊಟ್ಟಿರುವ ಜೋಡಿಪದ ಇದೆಯೇ ಎಂದು ಒಮ್ಮೆ ಹುಡುಕಿ. ಚಲನೆ ಶಾಂತವಾಗಿದ್ದು, ದೂರದಿಂದ ನೋಡಿ ವರ್ಣಿಸುತ್ತಿದ್ದರೆ ‘ಲಯಬದ್ಧವಾಗಿ’ ಇರಲಿ. ಓದುಗರನ್ನು ಹತ್ತಿರಕ್ಕೆ ಕರೆದೊಯ್ಯಬೇಕಾದರೆ ಜೋಡಿಪದ.

ವಾಕ್ಯದಲ್ಲಿ ಅದರ ಜಾಗವನ್ನೂ ಗಮನಿಸಿ. ‘ಅವರು ಲಯಬದ್ಧವಾಗಿ ಡೋಲು ಬಡಿಯುತ್ತಿದ್ದವನ ಸುತ್ತ ಕುಣಿದರು.’ ಇಲ್ಲಿ ಲಯ ಡೋಲಿನವನದು. ಕುಣಿತಕ್ಕೆ ಲಯ ಬೇಕಿದ್ದರೆ ‘ಡೋಲು ಬಡಿಯುತ್ತಿದ್ದವನ ಸುತ್ತ ಲಯಬದ್ಧವಾಗಿ ಕುಣಿದರು’ ಎಂದು ಕ್ರಿಯಾಪದದ ಪಕ್ಕಕ್ಕೆ ತನ್ನಿ. ‘ಲಯಬದ್ಧವಾದ ರೀತಿಯಲ್ಲಿ’ ಎಂದು ಎಳೆಯಬೇಡಿ. ನಾಮಪದದ ಮುಂದೆ ಬರೀ ‘ಲಯಬದ್ಧ’ ಸಾಕು: ಲಯಬದ್ಧ ಹೆಜ್ಜೆ, ಲಯಬದ್ಧ ಉಸಿರು.

ಕಾರ್ಯಕ್ರಮದ ವರದಿಗಳಲ್ಲಿ ‘ಲಯಬದ್ಧವಾಗಿ ಹೆಜ್ಜೆ ಹಾಕಿ ಮನಸೂರೆಗೊಂಡರು’ ಎಂಬುದನ್ನು ಓದಿ ಓದಿ ಪದ ಸವೆದಿದೆ ಎಂದು ನನಗೆ ಬೇಸರವಿದೆ. ‘ಎಂಟು ಜನರ ಹಿಮ್ಮಡಿ ಪ್ರತಿ ಸಲವೂ ಒಟ್ಟಿಗೇ ನೆಲ ಮುಟ್ಟಿತು’ ಎಂದು ಬರೆದು ನೋಡಿ; ಲಯ ಎಂಬ ಪದವಿಲ್ಲದೆಯೂ ಲಯ ಕೇಳಿಸುತ್ತದೆ.

ಕೊನೆಗೆ ಕಾಗುಣಿತ. ‘ಲಯಬದ್ದ’ ಅಲ್ಲ, ‘ಲಯಬದ್ಧ’. ದಕಾರಕ್ಕೆ ಒತ್ತು ಮಹಾಪ್ರಾಣದ ಧ. ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಿರಿ.