ಮರಿ ಕೊಳ್ಳಬೇಡಿ, ಬೆಳೆದ ನಾಯಿ ತನ್ನಿ

ಮನೆಗೊಂದು ನಾಯಿ ಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ರೇಟು. ಲ್ಯಾಬ್ರಡಾರ್ ಎಷ್ಟು, ಪಗ್ ಎಷ್ಟು, ಹಸ್ಕಿ ಎಷ್ಟು. ಅದರ ಬದಲು ಮಾರುವವನಿಗೆ ಒಂದೇ ಮಾತು ಕೇಳಿ: ಇದರ ತಾಯಿ ಎಲ್ಲಿ, ತೋರಿಸ್ತೀರಾ? ಹತ್ತು ನೆಪ ಬರುತ್ತದೆ, ತಾಯಿ ಬರುವುದಿಲ್ಲ. 2017ರ ಕೇಂದ್ರ ನಿಯಮದ ಪ್ರಕಾರ ಬ್ರೀಡರ್ (ಮಾರಲೆಂದೇ ಮರಿ ಹಾಕಿಸುವವನು) ಆದವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿ ಮಾರುವ ಹಾಗಿಲ್ಲ, ಒಂದು ಹೆಣ್ಣು ನಾಯಿಗೆ ಅದರ ಜೀವಮಾನದಲ್ಲಿ 5 ಸೂಲಿಗಿಂತ ಜಾಸ್ತಿ ಹಾಕಿಸುವ ಹಾಗಿಲ್ಲ. ಇದನ್ನೆಲ್ಲ ಯಾರು ಪಾಲಿಸುತ್ತಾರೆ ಅಂತ ನೋಡಬೇಕಾದರೆ ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಂಡು ಸಾಕುವ ಯಾವುದಾದರೂ ಶೆಲ್ಟರ್‌ಗೆ ಹೋಗಿ. ಮರಿ ಹಾಕಿ ಹಾಕಿ ಸಾಕಾದ ಮೇಲೆ ಬೀದಿಗೆ ಬಿಟ್ಟ ತಾಯಿ ನಾಯಿಗಳು ಅಲ್ಲಿರುತ್ತವೆ. ಜೋತುಬಿದ್ದ ಮೊಲೆ, ಹೊಟ್ಟೆಯ ಮೇಲೆ ಹೊಲಿಗೆ ಗುರುತು, ಗೂಡಿನಿಂದ ಆಚೆ ಬರದೆ ಸುತ್ತಿಕೊಂಡು ಬೆಳೆದ ಉಗುರು.

ಎಲ್ಲಿ ಹುಡುಕುವುದು? ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಅನ್ನುವ ಪ್ರಾಣಿ ರಕ್ಷಣಾ ಸಂಸ್ಥೆ ಇದೆ, ಯಲಹಂಕದ ಕಡೆ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಮಂಗಳೂರಿನವರಿಗೆ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನವರಿಗೆ ಪೀಪಲ್ ಫಾರ್ ಅನಿಮಲ್ಸ್. ತಳಿ ನಾಯಿಯೇ ಬೇಕು ಅನ್ನುವವರಿಗೂ ಇಂಥ ಕಡೆ ಸಿಗುತ್ತದೆ, ಯಾಕಂದರೆ ಫ್ಲ್ಯಾಟಿನಲ್ಲಿ ಹಸ್ಕಿ ಸಾಕಲಾಗದೆ ಬಿಟ್ಟುಹೋಗುವವರಿಗೇನೂ ಬರ ಇಲ್ಲ.

ನನ್ನ ಸಲಹೆ ಒಂದೇ: ಮರಿ ಬೇಡ, ಎರಡು ಮೂರು ವರ್ಷದ್ದನ್ನು ತನ್ನಿ. ಮುದ್ದು ಮುಖ ನೋಡಿ ಮರಿ ತಂದರೆ ಅದು ದೊಡ್ಡದಾದ ಮೇಲೆ ಎಷ್ಟು ಎತ್ತರ ಬೆಳೆಯುತ್ತದೆ, ಮಕ್ಕಳ ಜೊತೆ ಹೇಗಿರುತ್ತದೆ, ಒಂಟಿಯಾಗಿ ಬಿಟ್ಟರೆ ಸೋಫಾ ಹರಿಯುತ್ತದಾ, ಒಂದೂ ಗೊತ್ತಿರುವುದಿಲ್ಲ. ಬೆಳೆದ ನಾಯಿಯ ಗುಣ ಕಣ್ಣೆದುರೇ ಇರುತ್ತದೆ. ಇನ್ನೊಂದು ವಿಷಯ ಪಾರ್ವೋ, ವಾಂತಿ ಭೇದಿ ತಂದು ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್ ಹಾಕಿ ಒರೆಸಿದರೂ ಹೋಗುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು. ಮೊದಲಿದ್ದ ನಾಯಿ ಪಾರ್ವೋದಿಂದ ಸತ್ತ ಮನೆಗೆ ಲಸಿಕೆ ಮುಗಿಯದ ಮರಿಯನ್ನು ತರಲೇಬೇಡಿ.

ಶೆಲ್ಟರ್‌ನಲ್ಲಿ ಓಡಿಬಂದು ಮೈಮೇಲೆ ಹಾರುವ ನಾಯಿಯನ್ನೇ ಎಲ್ಲರೂ ಇಷ್ಟಪಡುತ್ತಾರೆ. ಮೂಲೆಯಲ್ಲಿ ಸುಮ್ನೆ ಕೂತು ನಿಮ್ಮನ್ನೇ ನೋಡುತ್ತಿರುವುದನ್ನೂ ಗಮನಿಸಿ, ಅಪಾರ್ಟ್‌ಮೆಂಟಿಗೆ ಎಷ್ಟೋ ಸಲ ಅದೇ ಸರಿ. ಅನ್ನ ಹಾಕುವ ಹುಡುಗರನ್ನು ಕೇಳಿ, ಮ್ಯಾನೇಜರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ: ಊಟದ ಬಟ್ಟಲಿಗೆ ಕೈ ಹಾಕಿದರೆ ಗುರ್ ಅನ್ನುತ್ತದಾ, ಬೆಕ್ಕು ಕಂಡರೆ ಏನು ಮಾಡುತ್ತದೆ, ಗಂಡಸರನ್ನು ಕಂಡರೆ ಹೆದರುತ್ತದಾ. ಬೀದಿಯಿಂದ ಬಂದ ನಾಯಿಯ ಕಿವಿಯ ತುದಿ ಕತ್ತರಿಸಿದ್ದರೆ ಗಾಬರಿ ಬೇಡ, ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನುವ ಗುರುತು ಅದು.

ಅವರೂ ನಿಮ್ಮನ್ನು ಕೇಳುತ್ತಾರೆ. ಬಾಡಿಗೆ ಮನೆಯಾ, ಓನರ್ ಒಪ್ಪಿದ್ದಾರಾ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ರಾತ್ರಿ ಎಲ್ಲಿ ಮಲಗಿಸುತ್ತೀರಿ. ಮನೆ ನೋಡಲೂ ಬರಬಹುದು. ಹೆಣ್ಣು ನೋಡಲು ಬಂದವರ ಹಾಗೆ ಇಷ್ಟೆಲ್ಲ ವಿಚಾರಿಸುತ್ತಾರಲ್ಲ ಅಂತ ಕೋಪ ಮಾಡಿಕೊಳ್ಳಬೇಡಿ, ಒಂದೂ ಕೇಳದೆ ನಾಯಿ ಕೊಡುವವರ ಬಗ್ಗೆಯೇ ಅನುಮಾನ ಪಡಿ. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವಂತಿಲ್ಲ ಅಂದರೆ, ಹಾಗೆ ನಿಷೇಧಿಸುವ ಅಧಿಕಾರ ಸಂಘಕ್ಕಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ, ಅದರ ಒಂದು ಪ್ರತಿ ಕೈಯಲ್ಲಿರಲಿ.

ಮನೆಗೆ ತಂದ ದಿನ ನೆಂಟರನ್ನು ಕರೆಯಬೇಡಿ. ಸ್ನಾನ ಮಾಡಿಸಬೇಡಿ. ಒಂದು ಮೂಲೆ, ಒಂದು ಹಳೇ ಬೆಡ್‌ಶೀಟು, ನೀರಿನ ಬಟ್ಟಲು ಸಾಕು. ಮಂಚದ ಕೆಳಗೆ ಹೊಕ್ಕರೆ ಎಳೆಯಬೇಡಿ, ಅದಕ್ಕೆ ಬೇಕಾದಾಗ ಬರುತ್ತದೆ. ಮೊದಲ 3 ದಿನ ಹೆದರಿಕೆ, 3 ವಾರಕ್ಕೆ ಮನೆಯ ಪದ್ಧತಿ ಗೊತ್ತಾಗುವುದು, 3 ತಿಂಗಳಿಗೆ ಇದು ನನ್ನ ಮನೆ ಅನ್ನಿಸುವುದು ಅಂತ ನಾಯಿ ಸಾಕಿದವರು ಅಂದಾಜು ಹೇಳುತ್ತಾರೆ. ಕೆಲವಕ್ಕೆ ಇನ್ನೂ ಜಾಸ್ತಿ ಬೇಕು.

ಆ ವಾರದಲ್ಲೇ ಡಾಕ್ಟರಿಗೆ ತೋರಿಸಿ. ರೇಬೀಸ್ ಲಸಿಕೆ, ಜಂತುಹುಳದ ಔಷಧಿ, ಸಾಧ್ಯವಾದರೆ ರಕ್ತ ಪರೀಕ್ಷೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಕೂತಿರುತ್ತದೆ, ಅದು ಕಚ್ಚಿ ಬರುವ ಟಿಕ್ ಫೀವರ್ ಬೆಂಗಳೂರಿನಲ್ಲಿ ತುಂಬಾ ಮಾಮೂಲು. ಊಟ ಬಿಟ್ಟು ಮಂಕಾಗಿ ಕೂತಿದ್ದರೆ ತುಟಿ ಎತ್ತಿ ಒಸಡು ನೋಡಿ, ಬಿಳಿಚಿಕೊಂಡಿದ್ದರೆ ನಾಳೆಗೆ ಅಂತ ಬಿಡಬೇಡಿ.

ಊಟಕ್ಕೆ ಅನ್ನ, ಬೇಯಿಸಿದ ಕೋಳಿ, ಮೊಟ್ಟೆ, ಸ್ವಲ್ಪ ಮೊಸರು ನಡೆಯುತ್ತದೆ. ನಾವು ತಿಂದು ಮಿಕ್ಕಿದ್ದು ಹಾಕಿದರಾಯ್ತು ಅನ್ನುವ ಅಜ್ಜಿಯರಿಗೆ ಮಾತ್ರ ನಿಧಾನಕ್ಕೆ ತಿಳಿಸಬೇಕು: ಈರುಳ್ಳಿ ಹಾಕಿದ ಸಾಂಬಾರು, ಪಾಯಸದ ದ್ರಾಕ್ಷಿ, ಚಾಕೊಲೇಟು, ಬೆಂದ ಕೋಳಿ ಮೂಳೆ, ಯಾವುದೂ ಕೂಡದು.

ದೀಪಾವಳಿ ಹಿಂದೆಮುಂದೆ ತರಬೇಡಿ, ಪಟಾಕಿ ಸದ್ದಿಗೆ ಬೆದರಿ ಗೇಟು ಹಾರಿದರೆ ಹೊಸ ಮನೆಯ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಕತ್ತಿನ ಪಟ್ಟಿಗೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಮೊದಲ ದಿನವೇ ಹಾಕಿ. ಎಷ್ಟು ಪ್ರಯತ್ನಪಟ್ಟರೂ ಹೊಂದಲಿಲ್ಲ ಅಂದರೆ ಕೊಟ್ಟವರಿಗೇ ಫೋನ್ ಮಾಡಿ ವಾಪಸ್ ಕೊಡಿ, ಬೈಸಿಕೊಂಡರೂ ಪರವಾಗಿಲ್ಲ. ಬೀದಿಗೆ ಮಾತ್ರ ಬಿಡಬೇಡಿ. ದತ್ತು ತೆಗೆದುಕೊಂಡ ಬೀದಿ ನಾಯಿ ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳುವುದು ದತ್ತು ಪಡೆದವರದ್ದೇ ಹೊಣೆ ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.