ಎರಡು ಪುಸ್ತಕ ಒಟ್ಟಿಗೆ: ನನ್ನ ಜೋಡಿ ಓದು

ಕುವೆಂಪು ಅವರ ಕಾದಂಬರಿ ಮಲೆಗಳಲ್ಲಿ ಮದುಮಗಳು ಕೊನೆಗೂ ಮುಗಿಯಿತು. ಅದರ ಜೊತೆಗೇ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಕೂಡ ಮುಗಿಯಿತು. ಎರಡನ್ನೂ ಒಟ್ಟಿಗೆ ಓದಿದ್ದಕ್ಕೇ ಎರಡೂ ಮುಗಿದವು ಎನ್ನುವುದು ನನ್ನ ವಾದ. ಹೀಗೆ ಓದುತ್ತೇನೆ ಅಂದಾಗ ನಮ್ಮ ಓದುವ ಬಳಗದಲ್ಲಿ ಯಾರೂ ಒಪ್ಪಿರಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ, ಎರಡೂ ಕೆಡುತ್ತೆ ಅಂದರು. ಕುವೆಂಪು ಅವರನ್ನು ಓದುವ ರೀತಿಯೇ ಇದಲ್ಲ ಅಂತ ಒಬ್ಬ ಗೆಳೆಯ ಸಿಟ್ಟಾದ. ಈಗ ಅದೇ ಗೆಳೆಯ ನನ್ನ ಹತ್ತಿರ ಜೋಡಿ ಕೇಳಿ ಪಡೆದು ಓದುತ್ತಿದ್ದಾನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕ್ರಮ ದೊಡ್ಡದೇನಲ್ಲ. ಒಂದು ದಪ್ಪ ಪುಸ್ತಕ, ಅದರ ಜೊತೆಗೆ ಬೇರೆ ಪ್ರಕಾರದ ಒಂದು ತೆಳು ಪುಸ್ತಕ. ತೆಳುವಿನ ಅಧ್ಯಾಯಗಳು ಬಿಡಿಬಿಡಿಯಾಗಿರಬೇಕು. ದಪ್ಪದ್ದು ರಾತ್ರಿಗೆ, ತೆಳು ಬೆಳಿಗ್ಗೆಗೆ. ಎರಡರ ನಡುವೆ ಒಂದು ಎಳೆ ಇರಬೇಕು, ಆದರೆ ವಿಷಯ ಒಂದೇ ಆಗಿರಬಾರದು. ಇಷ್ಟು ಕಂಡುಕೊಳ್ಳುವುದಕ್ಕೆ ನನಗೆ ಎರಡು ಎರಡೂವರೆ ವರ್ಷವೇ ಹಿಡಿಯಿತು. ದುಡ್ಡೂ ಸಾಕಷ್ಟು ಹೋಯಿತು.

ಮೊದಲು ಮದುಮಗಳ ಜೊತೆಗೆ ಇಟ್ಟಿದ್ದು ಭೈರಪ್ಪನವರ ಪರ್ವವನ್ನು. ಕೆಲಸ ಮಾಡಲಿಲ್ಲ. ಎರಡೂ ಜನಜಂಗುಳಿಯ ಕಾದಂಬರಿಗಳು. ಅಲ್ಲಿ ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹಳೆಮನೆ ಅಂತ ಮನೆಗೊಂದು ಸಂಸಾರ, ಸಂಸಾರಕ್ಕೊಂದು ಆಳುಮಕ್ಕಳ ಗುಂಪು. ಇಲ್ಲಿ ಶಲ್ಯನಿಂದ ಶುರುವಾಗಿ ಕುಂತಿ, ಭೀಮ, ದ್ರೌಪದಿ, ಒಬ್ಬೊಬ್ಬರದೂ ಉದ್ದುದ್ದ ನೆನಪು. ವಾರ ಕಳೆಯುವಷ್ಟರಲ್ಲಿ ಎರಡರ ಎಳೆಯೂ ಕೈ ತಪ್ಪಿತು. ಪರ್ವವನ್ನು ಆಮೇಲೆ ಒಂದನ್ನೇ ಹಿಡಿದು ಓದಿದೆ. ಪವಾಡವನ್ನೆಲ್ಲ ಕಳಚಿ ಮಹಾಭಾರತವನ್ನು ಹಸಿವು, ನೀರು, ಮುಪ್ಪು, ಮಕ್ಕಳ ಚಿಂತೆಗೆ ತಂದು ನಿಲ್ಲಿಸಿದ್ದು ದೊಡ್ಡ ಸಾಧನೆ. ಆದರೆ ಮನಸ್ಸಿನೊಳಗೆ ಹಿಂದೆ ಮುಂದೆ ಓಡಾಡುವ ಆ ನೆನಪುಗಳು ಕೆಲವು ಕಡೆ ಜಾಸ್ತಿಯಾಯಿತು ಅನ್ನಿಸಿತು. ಯುದ್ಧ ಶುರುವಾದ ಮೇಲಿನ ಭಾಗ ಮಾತ್ರ ಎಲ್ಲೂ ಸಡಿಲವಿಲ್ಲ.

ಮದುಮಗಳಿಗೆ ಸರಿಯಾದ ಜೋಡಿ ಸಿಕ್ಕಿದ್ದು ಬಿ.ಜಿ.ಎಲ್. ಸ್ವಾಮಿಯವರಲ್ಲಿ. ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಗಿಡ ನೋಡಲು ಕಾಡು ಸುತ್ತುವ ಪುಸ್ತಕ ಹಸುರು ಹೊನ್ನು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಬೆಳಿಗ್ಗೆ ಅದರಲ್ಲಿ ಒಂದು ಗಿಡದ ಕತೆ ಓದುವುದು. ರಾತ್ರಿ ಮದುಮಗಳ ಗುತ್ತಿಯ ಹಿಂದೆ ಮಲೆ ಹತ್ತುವುದು. ನಾಲ್ಕಾರು ದಿನದಲ್ಲೇ ವ್ಯತ್ಯಾಸ ಗೊತ್ತಾಯಿತು. ಮೊದಲೆಲ್ಲ ಕುವೆಂಪು ಅವರ ಕಾಡಿನ ವರ್ಣನೆ ಬಂದರೆ ಕಣ್ಣು ತಾನಾಗಿ ಮುಂದಿನ ಮಾತುಕತೆಗೆ ಜಿಗಿಯುತ್ತಿತ್ತು. ಈಗ ಜಿಗಿಯಲಿಲ್ಲ. ಒಟ್ಟಾರೆ ಹಸಿರು ಅಂತ ಕಾಣುತ್ತಿದ್ದದ್ದು ಒಂದೊಂದು ಮರವಾಗಿ, ಬಳ್ಳಿಯಾಗಿ ಬೇರೆಯಾಯಿತು. ಕಾದಂಬರಿಯಲ್ಲಿ ಕಾಡು ಹಿನ್ನೆಲೆ ಅಲ್ಲ, ಅದೂ ಒಂದು ಪಾತ್ರ ಅಂತ ವಿಮರ್ಶಕರು ಹೇಳಿದ್ದನ್ನು ಬೇಕಾದಷ್ಟು ಓದಿದ್ದೆ. ಅದು ನನಗೆ ನಿಜವಾಗಿ ಅರ್ಥವಾದದ್ದು ಸ್ವಾಮಿಯವರಿಂದ.

ಇನ್ನೊಂದು ಲಾಭವೂ ಆಯಿತು. ಸ್ವಾಮಿಯವರ ತಮಾಷೆ ಬೆಳಗಿನ ಹೊತ್ತನ್ನು ಹಗುರ ಮಾಡುತ್ತದೆ, ಹಾಗಾಗಿ ರಾತ್ರಿ ಮದುಮಗಳ ಭಾರ ಹೊರುವ ಶಕ್ತಿ ಉಳಿದಿರುತ್ತದೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಕುವೆಂಪು ಮೊದಲಲ್ಲೇ ಬರೆದುಬಿಟ್ಟಿದ್ದಾರೆ. ಅದನ್ನು ಅವರು ಉಳಿಸಿಕೊಳ್ಳುವುದು ಗುತ್ತಿಯ ನಾಯಿ ಹುಲಿಯನಲ್ಲಿ. ಕೊನೆಯ ಭಾಗದಲ್ಲಿ ತುಂಬಿದ ಹೊಳೆ ದಾಟುವಾಗ ಆ ನಾಯಿಗೆ ಆಗುವುದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಆ ರಾತ್ರಿ ಮುಂದೆ ಓದಲಾಗಲಿಲ್ಲ. ಏಳುನೂರು ಪುಟದ ಆಸುಪಾಸಿನ ಕಾದಂಬರಿಯಲ್ಲಿ ಒಂದು ನಾಯಿಗೆ ಮದುಮಕ್ಕಳಷ್ಟೇ ಜಾಗ ಕೊಟ್ಟವರು ನಮ್ಮಲ್ಲಿ ಬೇರೆ ಯಾರಿದ್ದಾರೆ ಹೇಳಿ?

ಮನೆಗಳ ಹೆಸರಿನ ಗೊಂದಲಕ್ಕೆ ಒಂದು ಹಾಳೆಯಲ್ಲಿ ನಕ್ಷೆ ಬರೆದಿಟ್ಟುಕೊಂಡೆ. ಅದನ್ನು ಎಲ್ಲರೂ ಮಾಡುತ್ತಾರೆ. ಆದರೆ ಯಾವ ಪುಟದಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಹೋಗಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅಧ್ಯಾಯದ ಕೊನೆಯಲ್ಲಿ ಅಂತೂ ಅಲ್ಲ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಕೆಟ್ಟ ಜೋಡಿಗಳ ಬಗ್ಗೆಯೂ ಹೇಳಬೇಕು. ವಸುಧೇಂದ್ರ ಅವರ ತೇಜೋ ತುಂಗಭದ್ರಾ ಕೈಗೆ ಬಂದಾಗ ಅದರ ಪಕ್ಕಕ್ಕೆ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ ಇಟ್ಟೆ. ಅದರೊಳಗೆ ಪೋರ್ಚುಗೀಸರಾದ ಪೇಸ್ ಮತ್ತು ನ್ಯೂನಿಜ್ ಬರೆದಿಟ್ಟ ವರದಿಗಳೂ ಇವೆ. ವಿಜಯನಗರ ರೋಮ್‌ನಷ್ಟು ದೊಡ್ಡದಾಗಿ ಕಂಡಿತು ಎಂದು ಪೇಸ್ ಹೇಳುವುದು ಅಲ್ಲೇ. ಕೇಳಲು ಚಂದದ ಜೋಡಿ. ಓದಲು ಕೂತರೆ ಕಷ್ಟ. ಕಾದಂಬರಿಯ ಪ್ರತಿ ಸಾಲನ್ನೂ ಇತಿಹಾಸದ ಜೊತೆ ತಾಳೆ ನೋಡುವ ಚಟ ಹತ್ತಿತು. ಹಂಪಮ್ಮನ ಕಷ್ಟ ಓದುವಾಗ ಪೇಸ್ ಇದನ್ನು ನೋಡಿದ್ದನಾ ಅಂತ ಯೋಚಿಸುತ್ತಿದ್ದರೆ ಆ ಹೆಣ್ಣುಮಗಳಿಗೆ ಅನ್ಯಾಯ ಅಲ್ವಾ? ಮೂರನೇ ಒಂದು ಭಾಗ ಆದಮೇಲೆ ಸೀವೆಲ್‌ನನ್ನು ಪಕ್ಕಕ್ಕಿಟ್ಟೆ. ಆಮೇಲೆ ಕಾದಂಬರಿ ಸರಾಗವಾಗಿ ಓಡಿತು. ಲಿಸ್ಬನ್‌ನ ಭಾಗಗಳು ನನಗೆ ತುಂಗಭದ್ರೆಯ ಭಾಗಗಳಿಗಿಂತ ಹೆಚ್ಚು ಹಿಡಿಸಿದವು. ಕನ್ನಡದಲ್ಲಿ ಒಂದು ದೂರದ ಬಂದರನ್ನು ಇಷ್ಟು ಸಲೀಸಾಗಿ, ನಮ್ಮದೇ ಊರಿನ ಹಾಗೆ ಬರೆದದ್ದು ಕಡಿಮೆ. ಕ್ರೌರ್ಯದ ಪ್ರಸಂಗಗಳು ಒಂದರ ಮೇಲೊಂದು ಬಂದಾಗ ಮಾತ್ರ ಓದುಗನಿಗೆ ಉಸಿರಾಡಲು ಜಾಗ ಬೇಕಿತ್ತು. ಎಳೆ ಇರಲಿ, ವಿಷಯ ಒಂದೇ ಬೇಡ ಅನ್ನುವ ನಿಯಮ ಹುಟ್ಟಿದ್ದು ಇಲ್ಲಿಂದ.

ಓಡುವ ಪುಸ್ತಕವೂ ಜೋಡಿಗೆ ಆಗುವುದಿಲ್ಲ. ಜುಗಾರಿ ಕ್ರಾಸ್ ಅನ್ನು ಒಮ್ಮೆ ತೆಳುವಿನ ಜಾಗದಲ್ಲಿ ಇಟ್ಟು ನೋಡಿದೆ. ಒಂದೇ ರಾತ್ರಿಗೆ ಮುಗಿಯಿತು, ದಪ್ಪ ಪುಸ್ತಕ ಅಲ್ಲೇ ಉಳಿಯಿತು. ತೇಜಸ್ವಿಯವರ ಅಭಿಮಾನಿಗಳು ಏನೇ ಅನ್ನಲಿ, ನನ್ನ ಲೆಕ್ಕದಲ್ಲಿ ಕರ್ವಾಲೋ ಅದಕ್ಕಿಂತ ಬಹಳ ಮೇಲಿನ ಪುಸ್ತಕ. ಜೇನು ಸೊಸೈಟಿಯಿಂದ ಶುರುವಾಗಿ ಹಾರುವ ಓತಿಯವರೆಗೆ ಅದು ಎಷ್ಟು ನಿಧಾನವಾಗಿ, ಸುಮ್ನೆ ಹರಟುತ್ತಾ ಕರೆದುಕೊಂಡು ಹೋಗುತ್ತದೆ! ಮಂದಣ್ಣನಂಥ ಮನುಷ್ಯನನ್ನು ವಿಜ್ಞಾನಿಯ ಸಮಕ್ಕೆ ನಿಲ್ಲಿಸಿದ ಕಾದಂಬರಿ ಅದು. ಜುಗಾರಿ ಕ್ರಾಸ್ ಈಗ ಎರಡು ಜೋಡಿಗಳ ನಡುವಿನ ಬಿಡುವಿಗೆ ಮೀಸಲು. ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ನಡುವೆ ಮಂಕುತಿಮ್ಮನ ಕಗ್ಗದ ಪ್ರಯೋಗವನ್ನೂ ಮಾಡಿದೆ. ದಿನಕ್ಕೊಂದು ಪದ್ಯದ ಬದಲು ಇಪ್ಪತ್ತು ಮೂವತ್ತು ಪದ್ಯ ಒಟ್ಟಿಗೆ. ಬೇಡ. 945 ಪದ್ಯಗಳನ್ನು ಡಿವಿಜಿ ಹಾಗೆ ಓದಲಿ ಅಂತ ಬರೆದಿಲ್ಲ. ಸಾಲಾಗಿ ಓದಿದರೆ ಒಂದರ ತೂಕವನ್ನು ಇನ್ನೊಂದು ತಿಂದುಹಾಕುತ್ತದೆ. ಒಂದು ಪದ್ಯ ಓದಿ ಪುಸ್ತಕ ಮುಚ್ಚಿದರೆ ಮಾತ್ರ ಅದು ದಿನವಿಡೀ ತಲೆಯಲ್ಲಿ ಓಡಾಡುತ್ತದೆ.

ಈಗ ನನಗೆ ಅತಿ ಹೆಮ್ಮೆ ತಂದ ಜೋಡಿ. ದೇವನೂರ ಮಹಾದೇವ ಅವರ ಒಡಲಾಳ, ಅದರ ಜೊತೆಗೆ ಸ್ವಾಮಿಯವರದೇ ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ. ಇದನ್ನು ಹೇಳಿದಾಗ ಬಳಗದವರು ನಕ್ಕರು. ಒಂದು ದಲಿತ ಕುಟುಂಬದ ಒಂದು ದಿನದ ಕತೆಗೂ ತರಕಾರಿಗಳ ಪುರಾಣಕ್ಕೂ ಏನು ಸಂಬಂಧ? ಸಂಬಂಧ ಕಡಲೆಕಾಯಿ. ಸಾಕವ್ವ ಹಗಲೆಲ್ಲ ಕಳೆದುಹೋದ ಹುಂಜ ಹುಡುಕುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಹಗಲಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯ್ದವರು ಆಗ ಒಂದೇ ಜೀವದ ಹಾಗೆ ಕೂತಿರುತ್ತಾರೆ. ಬೆಳಗಾದರೆ ಮನೆ ಶೋಧಿಸಲು ಪೊಲೀಸರು. ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ. ಸಮುದ್ರ ದಾಟಿ ಬಂದ ಬೆಳೆ ಇಲ್ಲಿ ಹೊಲ ಇದ್ದವರ ಚೀಲ ಸೇರಿತು, ಸಾಕವ್ವನ ಮನೆಗೆ ಬರಬೇಕಾದರೆ ಕದ್ದೇ ಬರಬೇಕಾಯಿತು. ಈ ಎರಡು ಪುಸ್ತಕ ಪಕ್ಕಪಕ್ಕ ಇರದಿದ್ದರೆ ಈ ಯೋಚನೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಇಂಥದ್ದು ಒಂದು ಸಿಕ್ಕರೆ ಹತ್ತು ಸೋತ ಜೋಡಿಗಳ ದುಡ್ಡು ವಸೂಲಾದಂತೆ.

ಒಡಲಾಳವನ್ನು ಗಟ್ಟಿಯಾಗಿ ಓದಿ ನೋಡಿ. ಕಣ್ಣಲ್ಲಿ ಓದಿದಾಗ ತಡೆಯುವ ಮಾತುಗಳು ಬಾಯಲ್ಲಿ ಓದಿದಾಗ ತಡೆಯುವುದಿಲ್ಲ. ದೇವನೂರರದೇ ಕುಸುಮಬಾಲೆಗೂ ಇದೇ ಮದ್ದು. ಜೋತಮ್ಮಗಳು, ಅಂದರೆ ಮನೆಮನೆಯ ದೀಪದ ಜೀವಗಳು, ಸೇರಿ ಮಾತಾಡುವ ಪ್ರಸಂಗವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿದೆ. ಪುಸ್ತಕ ಮುಟ್ಟದವರೂ ಕೂತು ಕೇಳಿದರು.

ದುಡ್ಡಿನ ಮಾತಿಗೆ ಬರುತ್ತೇನೆ. ತಿಂಗಳಿಗೆ ಏಳುನೂರು ಎಂಟುನೂರು ರೂಪಾಯಿ ಪುಸ್ತಕಕ್ಕೆ ಅಂತ ತೆಗೆದಿಡುತ್ತೇನೆ. ಜೋಡಿ ಓದು ಅಂದರೆ ಎರಡೆರಡು ಕೊಳ್ಳಬೇಕು. ಸೋತ ಜೋಡಿಗಳಿಗೇ ನೆನಪಿರುವ ಮಟ್ಟಿಗೆ ಎರಡೂವರೆ ಸಾವಿರದ ಹತ್ತಿರ ಹೋಗಿರಬೇಕು. ಆಮೇಲೆ ದಪ್ಪದ್ದು ಮಾತ್ರ ಹೊಸತು, ತೆಳುವಾದದ್ದು ಲೈಬ್ರರಿಯಿಂದ ಅಥವಾ ಹಳೆ ಪುಸ್ತಕದ ಅಂಗಡಿಯಿಂದ ಅಂತ ಮಾಡಿಕೊಂಡೆ. ದೊಡ್ಡ ಖರೀದಿಯೆಲ್ಲ ನವೆಂಬರ್‌ನ ರಾಜ್ಯೋತ್ಸವ ರಿಯಾಯಿತಿಗೆ.

ಹಳೆ ಪುಸ್ತಕ ಕೊಳ್ಳುವವರು ಒಂದು ವಿಷಯ ಗಮನದಲ್ಲಿಡಿ. ಭೈರಪ್ಪನವರ ಗೃಹಭಂಗದ ಹಳೆ ಪ್ರತಿ ಒಂದು ಅಂಗಡಿಯಲ್ಲಿ ನೂರು ನೂರಿಪ್ಪತ್ತಕ್ಕೆ ಸಿಕ್ಕಿತು. ರಟ್ಟು ಗಟ್ಟಿ ಇತ್ತು, ಹುಳ ತಿಂದಿರಲಿಲ್ಲ. ಓದುತ್ತಾ ಪ್ಲೇಗಿನ ಭಾಗಕ್ಕೆ ಬಂದರೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚಿ ಹೊಲಿಯುವ ಹದಿನಾರು ಪುಟದ ಕಟ್ಟು, ಪೂರ್ತಿ ಇಲ್ಲ! ಅದರ ಜಾಗದಲ್ಲಿ ಹಿಂದಿನ ಫಾರಮ್ಮೇ ಇನ್ನೊಮ್ಮೆ ಹೊಲಿದು ಕೂತಿದೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಲೈಬ್ರರಿ ಪ್ರತಿಯಿಂದ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ ಒಳಗೆ ಅಂಟಿಸಿದೆ. ಪುಟಸಂಖ್ಯೆ ಮಾತ್ರ ತಿರುವಿ ನೋಡಿದರೆ ಸಾಲದು, ಪ್ರತಿ ಹದಿನಾರನೇ ಪುಟದ ಕೊನೆಯ ಸಾಲು ಮುಂದಿನ ಪುಟಕ್ಕೆ ಕೂಡುತ್ತದಾ ಅಂತ ನೋಡಬೇಕು. ಅಂಗಡಿಯಲ್ಲೇ ನಿಂತು ಮಾಡಿದರೆ ಐದು ನಿಮಿಷದ ಕೆಲಸ.

ಆ ಗೃಹಭಂಗಕ್ಕೆ ಜೋಡಿ ವಿವೇಕ ಶಾನಭಾಗರ ಘಾಚರ್ ಘೋಚರ್. ಎರಡೂ ಕಾದಂಬರಿಯೇ, ಹಾಗಾಗಿ ನನ್ನ ನಿಯಮಕ್ಕೆ ಹೊರಗು. ಆದರೂ ಗೆದ್ದಿತು. ಒಂದರಲ್ಲಿ ದುಡ್ಡಿಲ್ಲದೆ ಮನೆ ಮುರಿಯುತ್ತದೆ, ಇನ್ನೊಂದರಲ್ಲಿ ದುಡ್ಡು ಬಂದು ಮನೆ ಕೆಡುತ್ತದೆ. ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಅವಳ ಪಕ್ಕದಲ್ಲಿ ಚಿಕ್ಕಪ್ಪನ ಮಸಾಲೆ ವ್ಯಾಪಾರದ ನೆರಳಲ್ಲಿ ಏನೂ ಮಾಡದೆ ಕಾಫಿ ಹೌಸ್‌ನಲ್ಲಿ ಕೂರುವ ಆ ಹುಡುಗ. ಅವನ ಮೇಲೆ ನನಗೆ ಬಂದ ಸಿಟ್ಟು ನಂಜಮ್ಮನ ಕಾರಣಕ್ಕೆ ದುಪ್ಪಟ್ಟಾಯಿತು. ಘಾಚರ್ ಘೋಚರ್‌ನ ಕೊನೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಹಳೆ ಮನೆಯ ಇರುವೆಗಳ ಭಾಗವೇ ದೊಡ್ಡದು. ಒಂದು ಸಂಸಾರ ಹೇಗೆ ಕೊಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ ಅನ್ನುವುದು ಅಲ್ಲೇ ಇದೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಅವರ ಕತೆಗಳನ್ನು ಕನ್ನಡದಲ್ಲೇ ಮತ್ತೆ ಹಿಡಿದೆ. ಜೋಡಿಗೆ ತ್ರಿವೇಣಿಯವರ ಶರಪಂಜರ. ಹೆರಿಗೆಯ ನಂತರ ಮನಸ್ಸು ಕೆಟ್ಟು ಗುಣವಾಗಿ ಬಂದ ಕಾವೇರಿಯನ್ನು ಮನೆಯವರೇ ಮತ್ತೆ ತಮ್ಮವಳಾಗಿ ಒಪ್ಪಿಕೊಳ್ಳುವುದಿಲ್ಲ. ಬಾನು ಅವರ ಕರಿ ನಾಗರಗಳು ಕತೆಯ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುತ್ತಾಳೆ. ಕಾವೇರಿ ಒಳಗೇ ಕುಸಿಯುತ್ತಾಳೆ, ಈ ತಾಯಿ ಬೀದಿಗೆ ಬಂದು ಕೂರುತ್ತಾಳೆ. ತ್ರಿವೇಣಿಯವರು 1963ರಲ್ಲೇ ತೀರಿಕೊಂಡರು, ತೀರಾ ಚಿಕ್ಕ ವಯಸ್ಸು. ಅವರನ್ನು ಹೆಂಗಸರು ಓದುವ ಕಾದಂಬರಿಗಾರ್ತಿ ಅಂತ ಬದಿಗೆ ಸರಿಸಿದವರು ಶರಪಂಜರದ ಕೊನೆಯ ಮೂವತ್ತು ಪುಟ ಓದಬೇಕು.

ಈಗ ನಡೆಯುತ್ತಿರುವುದು ಅಪ್ಪ ಮಗನ ಜೋಡಿ. ಡಿವಿಜಿ ಅವರ ಜ್ಞಾಪಕ ಚಿತ್ರಶಾಲೆ, ಅವರ ಮಗ ಸ್ವಾಮಿಯವರ ಕಾಲೇಜು ರಂಗ. ಚಿತ್ರಶಾಲೆ ಎಂಟು ಸಂಪುಟ. ನಾನಿನ್ನೂ ಕಲೋಪಾಸಕರು ಸಂಪುಟದಲ್ಲಿದ್ದೇನೆ. ಅಪ್ಪ ಕಂಡವರಲ್ಲೆಲ್ಲ ದೊಡ್ಡಗುಣ ಹುಡುಕಿ ಬರೆಯುತ್ತಾರೆ, ಮಗ ಕಾಲೇಜಿನ ಸಣ್ಣತನಗಳನ್ನು ಹೆಕ್ಕಿ ಹೆಕ್ಕಿ ಬರೆಯುತ್ತಾರೆ. ವೀಣೆ ಶೇಷಣ್ಣನವರ ಬಗ್ಗೆ ರಾತ್ರಿ ಓದಿ, ಬೆಳಿಗ್ಗೆ ಕಾಲೇಜಿನ ರಾಜಕೀಯಕ್ಕೆ ಬಂದರೆ ಒಂದೇ ಮನೆಯ ಇಬ್ಬರು ಲೋಕವನ್ನು ಎಷ್ಟು ಬೇರೆಯಾಗಿ ಕಂಡರು ಅಂತ ಆಶ್ಚರ್ಯವಾಗುತ್ತದೆ. ಕಾಲೇಜು ರಂಗ ಮಾತ್ರ ಬೇಗ ಮುಗಿಯುವ ಲಕ್ಷಣ ಕಾಣುತ್ತಿದೆ. ಎಂಟು ಸಂಪುಟಕ್ಕೆ ಅದೊಂದೇ ಸಾಲದು. ಮೈಸೂರಿನ ದಿವಾನರು ಸಂಪುಟಕ್ಕೆ ಬರುವ ಹೊತ್ತಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹಳ್ಳಿಯ ಚಿತ್ರಗಳನ್ನು ಪಕ್ಕಕ್ಕಿಡಬೇಕು ಅಂತಿದ್ದೇನೆ. ಬಳಗದವರಿಗೆ ಇದೂ ಸರಿ ಕಂಡಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಕಾದಿರಿಸಿ ಬಂದಿದ್ದೇನೆ.