ಇಬ್ಬರ ಓಣಿ, ಒಬ್ಬರ ಕಾರು: ಜಗಳ ಬಿಡಿಸಿಕೊಳ್ಳುವುದು ಹೇಗೆ?

ಅಪ್ಪನ ಕಾಲದ 40×60 ಸೈಟು. ಪಾಲಾದಾಗ ಅಣ್ಣನಿಗೆ ಮುಂದಿನ ಮನೆ, ತಮ್ಮನಿಗೆ ಹಿಂದಿನ ಮನೆ. ಪಕ್ಕದಲ್ಲಿ ಓಡಾಡಲು 8 ಅಡಿ ಓಣಿ. ಸ್ಕೂಟರ್ ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಮುಂದಿನ ಮನೆ ಮಾರಾಟವಾಗಿ, ಹೊಸಬರು ಓಣಿಯಲ್ಲಿ ಕಾರು ನಿಲ್ಲಿಸಿದ ದಿನ ಮಾತಿಗೆ ಮಾತು ಬೆಳೆಯಿತು. ಇದು ನಮ್ಮ ಮನೆಯ ಕತೆ. ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಇರಬಹುದು, ಅಲ್ವಾ?

ಮೊದಲು ಕಾಗದ ತೆಗೆಯಿರಿ. ಕ್ರಯಪತ್ರದ ಕೊನೆಗೆ ಷೆಡ್ಯೂಲ್, ಅಂದರೆ ಆಸ್ತಿಯ ವಿವರ ಇರುತ್ತದೆ. ಅದರಲ್ಲಿ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿಗೆ ಏನಿದೆ ಎಂಬ ಗಡಿಯ ವಿವರ ಓದಿ. 'ಉತ್ತರಕ್ಕೆ: 8 ಅಡಿ ಜಂಟಿ ಓಣಿ' ಎಂದಿದ್ದರೆ ಜಾಗ ಇಬ್ಬರದ್ದೂ. 'ಓಡಾಡುವ ಹಕ್ಕು' ಎಂದಷ್ಟೇ ಇದ್ದರೆ ಜಾಗ ಒಬ್ಬರದು, ದಾರಿ ಇನ್ನೊಬ್ಬರದು. ಎರಡರಲ್ಲೂ ದಾರಿ ಮುಚ್ಚುವಂತಿಲ್ಲ. ಕ್ರಯಪತ್ರದಲ್ಲಿ ಏನೂ ಇಲ್ಲದಿದ್ದರೆ ಹಳೆಯ ಪಾಲುಪಟ್ಟಿ ಹುಡುಕಿ. ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ನಕಲು ಸಿಗುತ್ತದೆ. ಪಕ್ಕದವರ ಕ್ರಯಪತ್ರದಲ್ಲಿ ಏನಿದೆ ಎಂಬುದೂ ಮುಖ್ಯ. ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ.

ಆಮೇಲೆ ಟೇಪು ಹಿಡಿಯಿರಿ. ಒಬ್ಬರೇ ಅಳೆಯಬೇಡಿ, ಒಂದು ತುದಿಯನ್ನು ಅವರ ಕೈಗೆ ಕೊಡಿ. ನಾವು ಅಳೆದಾಗ ಗೇಟಿನ ಹತ್ತಿರ 8 ಅಡಿ, ಅವರ ಮೆಟ್ಟಿಲ ಹತ್ತಿರ ಏಳೂಕಾಲು. ಸಣ್ಣ ಕಾರೇ ಐದೂವರೆ ಅಡಿ ಅಗಲ. ಉಳಿದ ಸಂದಿಯಲ್ಲಿ ನಮ್ಮ ಅಮ್ಮ ವಾಕರ್ ಹಿಡಿದು ಬರಲು ಆಗುವುದಿಲ್ಲ. ಅದನ್ನು ಕಣ್ಣಾರೆ ನೋಡಿದ ಮೇಲೆ ಅವರ ದನಿ ತಗ್ಗಿತು.

ಮಾತಿಗೆ ಭಾನುವಾರ ಬೆಳಿಗ್ಗೆ ಒಳ್ಳೆಯದು. ಆಫೀಸಿಗೆ ಹೊರಟ ಅವಸರದಲ್ಲಿ ಬೇಡ. 'ಕಾರು ತೆಗೀರಿ' ಎನ್ನುವ ಬದಲು 'ಸರ್, ಬೆಳಿಗ್ಗೆ 8ರಿಂದ 10ರವರೆಗೆ ದಾರಿ ಬೇಕು' ಎಂದು ಬೇಕಾದದ್ದನ್ನೇ ಕೇಳಿ. ರಾತ್ರಿ ಯಾರು ನಿಲ್ಲಿಸಬಹುದು, ಗೇಟಿನ ಬೀಗದ ಕೀ ಯಾರ ಹತ್ತಿರ, ಚರಂಡಿ ರಿಪೇರಿ ಖರ್ಚು ಹೇಗೆ ಹಂಚಿಕೊಳ್ಳುವುದು, ಎಲ್ಲ ಅಲ್ಲೇ ಮುಗಿಸಿ ಬರೆದಿಡಿ. ಇಬ್ಬರೂ ಸಹಿ ಹಾಕಿ. ದಾರಿಯ ಹಕ್ಕನ್ನೇ ಹೊಸದಾಗಿ ಕೊಡುವುದಾದರೆ ಬಿಳಿ ಹಾಳೆ ಸಾಲದು, ವಕೀಲರಿಂದ ಬರೆಸಿ ನೋಂದಣಿ ಮಾಡಿಸಿ. ನಾಳೆ ಅವರು ಮನೆ ಮಾರಿದರೂ ಅದು ನಿಮ್ಮ ಕೈ ಬಿಡುವುದಿಲ್ಲ.

ಕಾಗದದಲ್ಲಿ ದಾರಿಯೇ ಇಲ್ಲ, ಆದರೆ ತುಂಬಾ ವರ್ಷದಿಂದ ಓಡಾಡುತ್ತಿದ್ದೀರಿ ಎನ್ನಿ. ಈಸ್‌ಮೆಂಟ್ ಎಂದರೆ ಇನ್ನೊಬ್ಬರ ಜಾಗವನ್ನು ದಾರಿಯಂಥ ಅನುಕೂಲಕ್ಕೆ ಬಳಸುವ ಹಕ್ಕು. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ಎಡೆಬಿಡದೆ, ಎಲ್ಲರಿಗೂ ಕಾಣುವಂತೆ, ತಕರಾರಿಲ್ಲದೆ, ಹಕ್ಕಿನಿಂದ ಓಡಾಡಿದ್ದರೆ ಆ ದಾರಿಯ ಮೇಲೆ ಹಕ್ಕು ಕೇಳಬಹುದು. 'ಹೋಗ್ಲಿ, ಓಡಾಡ್ಕೊಳ್ಳಿ' ಎಂದು ಅವರು ಒಪ್ಪಿಗೆ ಕೊಟ್ಟ ದಾರಿಗೆ ಇದು ಅನ್ವಯಿಸದು. ದಾರಿ ಮುಚ್ಚಿದ ಮೇಲೆ ಸುಮ್ನೆ ಕೂರಲೂಬೇಡಿ. ಆ 20 ವರ್ಷ, ದಾವೆ ಹಾಕುವ ದಿನಕ್ಕೆ ಹಿಂದಿನ 2 ವರ್ಷದೊಳಗೆ ಕೊನೆಯಾಗಿರಬೇಕು. ತಡ ಮಾಡಿದರೆ ಹಕ್ಕೇ ಕೈತಪ್ಪಬಹುದು.

ಮಾತು ಮುರಿದರೆ ಸೀದಾ ಕೋರ್ಟಿಗೆ ಹೋಗಬೇಕಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ದಾವೆ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಬಹುದು, ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ. ಹಾಗಾಗಿ ಸಹಿಗೆ ಮೊದಲು ಪ್ರತಿ ಸಾಲನ್ನೂ ಓದಿ. ಸಹಾಯವಾಣಿ 15100.

ಅದೂ ಆಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬೇಕು. ಜಾಗ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರನ್ನೂ ಕಳಿಸಬಹುದು. ಅಲ್ಲಿಯವರೆಗೆ ಗೇಟು ಕಿತ್ತುಹಾಕುವುದು, ಟೈರಿನ ಗಾಳಿ ತೆಗೆಯುವುದು ಖಂಡಿತ ಬೇಡ. ಕಾರು ಅಡ್ಡ ನಿಂತಾಗೆಲ್ಲ ತಾರೀಕು ಕಾಣುವಂತೆ ಫೋಟೊ ತೆಗೆದಿಡಿ, ವಕೀಲರು ಮೊದಲು ಕೇಳುವುದೇ ಅದನ್ನು.